ಸಹಿ ಹಾಕು ಅಂದವಳು

ಮಾರ್ಚ್ ೩, ಸೋಮವಾರ

ನಿನ್ನೆಯ ಸಭೆಯಲ್ಲಿ ಎಡ ಒಕ್ಕೂಟವನ್ನು ವಿಸರ್ಜಿಸುವ ತೀರ್ಮಾನವಾಯಿತು. ಮೂರೂ ಪಕ್ಷಗಳ ಪ್ರತಿನಿಧಿಗಳು ಒಪ್ಪಿದರು. ಹದಿಮೂರು ವರ್ಷ ಬಾಳಿದ ಒಕ್ಕೂಟವನ್ನು ಮುಗಿಸಲು ಎರಡೂವರೆ ಗಂಟೆ ಹಿಡಿಯಿತು. ಅದರಲ್ಲಿ ಅರ್ಧ ಗಂಟೆ ಕಿಟಕಿ ತೆರೆಯಬೇಕೋ ಫ್ಯಾನು ಹಾಕಬೇಕೋ ಎಂಬುದರ ಮೇಲೆ ಹೋಯಿತು. ಅದೊಂದರಲ್ಲಿ ಮಾತ್ರ ಒಮ್ಮತ ಬರಲಿಲ್ಲ.

ವಸ್ತುನಿಷ್ಠವಾಗಿ ನೋಡಿದರೆ ಇದು ಸೋಲಲ್ಲ, ಚಳವಳಿಯ ಮುಂದಿನ ಹಂತ. ಕಳೆದ ಚುನಾವಣೆಯಲ್ಲಿ ನಮಗೆ ಬಿದ್ದ ಮತಗಳಿಗಿಂತ ನಾವು ಹಂಚಿದ ಕರಪತ್ರಗಳೇ ಹೆಚ್ಚು. ಮೂರು ಸಣ್ಣ ಪಕ್ಷಗಳು ಒಂದು ಕೊಡೆಯ ಕೆಳಗೆ ನಿಂತು ಮೂರೂ ನೆನೆಯುವುದಕ್ಕಿಂತ, ಕಾರ್ಮಿಕ ಸಂಘಗಳು, ಸಹಕಾರಿಗಳು, ನಮ್ಮಿಂದ ಸಿಡಿದು ಹೋದವರು, ಯಾವ ಪಕ್ಷಕ್ಕೂ ಸೇರದ ಸಮಾಜವಾದಿಗಳು ಎಲ್ಲರೂ ಕೂಡುವ ದೊಡ್ಡ ಐಕ್ಯತೆ ಬೇಕು. ಏಪ್ರಿಲ್ ಆರಕ್ಕೆ ಒಕ್ಕೂಟದ ಕೊನೆಯ ಸಭೆ. ಹದಿಮೂರಕ್ಕೆ ಐಕ್ಯತಾ ಸಮಾವೇಶ. ವಿಸರ್ಜನೆಯ ಹೇಳಿಕೆ ಬರೆಯುವುದು ಸಂಚಾಲಕಿಯಾದ ನನ್ನ ಕೆಲಸ.

ಅಧ್ಯಕ್ಷರು ಕೊನೆಗೆ ಒಂದು ಮಾತು ಹೇಳಿದರು. ಅವರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತೇವೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿದವರು, ಈಗ ಎಪ್ಪತ್ತೆಂಟು. "ಪೊರಕೆ ಸಂಘ ಬರದಿದ್ರೆ ಇದು ಸಮಾವೇಶ ಅಲ್ಲಮ್ಮ. ನಮ್ಮ ಮನೆಮಂದಿ ಕೂತು ಫೋಟೊ ತೆಗೆಸ್ಕೊಂಡ ಹಾಗೆ ಆಗುತ್ತೆ, ಅಷ್ಟೆ."

ಪೊರಕೆ ಸಂಘವೆಂದರೆ ಸ್ವಚ್ಛತಾ ಕೆಲಸಗಾರ್ತಿಯರ ಸಂಘ. ನಾನೂರಕ್ಕೂ ಹೆಚ್ಚು ಸದಸ್ಯರು. ಅದರ ಅಧ್ಯಕ್ಷೆಯನ್ನು ಕಂಡು ಮಾತಾಡುವ ಹೊಣೆ ನನಗೆ ಬಂತು. ಆಕೆ ನನ್ನ ತಂಗಿ ಎಂಬುದು ನಡಾವಳಿಯಲ್ಲಿ ಬರೆಯುವ ವಿಷಯವಲ್ಲ.

ಇವರು ಬಸ್ಸಿನ ಡ್ಯೂಟಿ ಮುಗಿಸಿ ಬಂದು, ಕಂಡಕ್ಟರ್ ಚೀಲವನ್ನು ಮೊಳೆಗೆ ನೇತುಹಾಕುತ್ತ ಕೇಳಿದರು. "ಮೂರು ಜನ ಸೇರಿದ್ರೆ ನಾಲ್ಕು ಪಕ್ಷ ಮಾಡೋರು ನೀವು. ಈಗ ಎಲ್ಲರನ್ನೂ ಒಂದು ಮಾಡ್ತೀರಾ?"

"ಮೊದಲು ಕೈಕಾಲು ತೊಳ್ಕೊಳ್ಳಿ" ಅಂದೆ.

ಮಾರ್ಚ್ ೬, ಗುರುವಾರ

ಹೋಗಲಾಗಲಿಲ್ಲ. ನಾನು ಕೆಲಸ ಮಾಡುವ ಆಸ್ಪತ್ರೆಯ ಲಾಂಡ್ರಿಯಲ್ಲಿ ಎರಡನೇ ಬಾಯ್ಲರ್ ಕೆಟ್ಟಿದೆ. ಒಣಗದ ಹೊದಿಕೆಗಳನ್ನು ಮೆಟ್ಟಿಲ ಕಂಬಿಯ ಮೇಲೆಲ್ಲ ಹರವಿದ್ದೇವೆ. ಮೇಲಿನ ವಾರ್ಡಿನ ನರ್ಸ್ ಇಳಿದು ಬಂದು, "ಇದೇನು, ಆಸ್ಪತ್ರೆನೋ ಹಡಗೋ?" ಎಂದು ಬೈದು ಹೋದಳು. ಇಸ್ತ್ರಿಯ ಉರುಳೆಗಳ ಹತ್ತಿರ ನಿಂತು ನಿಂತು ಮೊಣಕಾಲು ಹಿಡಿದಿದೆ.

ಮಾರ್ಚ್ ೮, ಶನಿವಾರ

ಬಾಯ್ಲರ್ ಸರಿಹೋಯಿತು. ಇವತ್ತೂ ಹೋಗಲಿಲ್ಲ.

ಮಾರ್ಚ್ ೧೨, ಬುಧವಾರ

ಭೇಟಿ ಆಯಿತು. ಫಲಿತಾಂಶ ಸಕಾರಾತ್ಮಕ.

ಸಂಘದ ಕಚೇರಿ ಟೈರ್ ಅಂಗಡಿಯ ಮೇಲಿನ ಕೋಣೆ. ಕಬ್ಬಿಣದ ಏಣಿಮೆಟ್ಟಿಲು, ಹತ್ತುವಾಗಲೇ ರಬ್ಬರಿನ ವಾಸನೆ. ಒಳಗೆ ಮೂಲೆಯಲ್ಲಿ ಪೊರಕೆಗಳು, ಗೋಡೆಯ ಮೇಲೆ ಯಾವ ಕಟ್ಟಡಕ್ಕೆ ಯಾರ ಪಾಳಿ ಎಂಬ ಪಟ್ಟಿ. ಬೆಂಚಿನ ಮೇಲೆ ನನ್ನನ್ನು ನಲವತ್ತು ನಿಮಿಷ ಕೂರಿಸಿದರು. ನನಗಿಂತ ಮುಂಚೆ ಬಂದವರು ಐದು ಜನ ಇದ್ದರು, ಆದ್ದರಿಂದ ದೂರುವ ಹಾಗಿಲ್ಲ.

ಅಧ್ಯಕ್ಷೆ ಎದ್ದು ನಿಲ್ಲಲಿಲ್ಲ. "ಕೂತ್ಕೊಳ್ಳಿ, ಸಂಚಾಲಕರೇ" ಎಂದಳು. ನೀವು, ತಾವು ಎಂದೇ ಮಾತಾಡಿದಳು. ನಾನೂ ಹಾಗೇ ಮಾತಾಡಿದೆ. ಒಕ್ಕೂಟವನ್ನು ಯಾಕೆ ವಿಸರ್ಜಿಸುತ್ತಿದ್ದೇವೆ, ಹೊಸ ಐಕ್ಯತೆಯಲ್ಲಿ ಸಂಘಗಳ ಸ್ವಾತಂತ್ರ್ಯ ಹೇಗೆ ಉಳಿಯುತ್ತದೆ ಎಂದೆಲ್ಲ ವಿವರಿಸಿದೆ. ಅವಳು ಗುರುತು ಹಾಕಿಕೊಂಡಳು.

"ಇಪ್ಪತ್ತಮೂರಕ್ಕೆ ನಮ್ಮ ಸಾಮಾನ್ಯ ಸಭೆ. ಅಲ್ಲಿ ಇಡ್ತೀನಿ. ನನ್ನ ಅಭಿಪ್ರಾಯ ಕೇಳಿದ್ರೆ ಬೇಡ ಅಂತೀನಿ. ನಿಮ್ಮವರ ಜೊತೆ ಒಂದು ಸಲ ನಡೆದದ್ದು ಸಾಕು."

ಎದ್ದೆ. ಬಾಗಿಲು ದಾಟಿ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದೆ. ಹಿಂದಿನಿಂದ "ಅಕ್ಕಾ" ಎಂದಳು. ಒಂಬತ್ತು ವರ್ಷದ ಮೇಲೆ.

"ಮುಷ್ಕರದ ಒಪ್ಪಂದಕ್ಕೆ ಸಹಿ ಹಾಕು ಅಂತ ನನಗೆ ಹೇಳಿದ್ದು ನೀನು ಅನ್ನೋದು, ಅಮ್ಮನಿಗೆ ಕೊನೆಗಾದ್ರೂ ಗೊತ್ತಾಯ್ತಾ?"

"ಗೊತ್ತಾಯ್ತು" ಎಂದೆ. "ನಾನೇ ಹೇಳಿದೆ."

ಅವಳು ಬಾಗಿಲ ಚೌಕಟ್ಟಿಗೆ ಕೈಯಾನಿಸಿ ನಿಂತಳು. ಕೆಳಗೆ ಯಾರೋ ಟೈರಿಗೆ ಗಾಳಿ ತುಂಬಿಸುತ್ತಿದ್ದರು. ಆ ಸದ್ದು ನಿಂತ ಮೇಲೆ ಅವಳು, "ಸಭೆಯಲ್ಲಿ ನಾನೇ ನಿಮ್ಮ ಪರವಾಗಿ ಮಾತಾಡ್ತೀನಿ" ಎಂದಳು.

ನಾನು ಅಮ್ಮನಿಗೆ ಹೇಳಿರಲಿಲ್ಲ.

ಮಾರ್ಚ್ ೧೩, ಗುರುವಾರ

ಮೇಷ್ಟ್ರು ಫೋನಿನಲ್ಲೇ ಅಭಿನಂದಿಸಿದರು. "ನೀನು ಹೋದ್ರೆ ಕೆಲಸ ಆಗುತ್ತೆ ಅಂತ ಗೊತ್ತಿತ್ತು."

ಯೋಚಿಸಿ ನೋಡಿದರೆ ಆ ಮಾತಿನಿಂದ ಯಾರಿಗೂ ಕೆಡುಕಿಲ್ಲ. ಅಮ್ಮ ಹೋಗಿ ಐದು ವರ್ಷವಾಯಿತು, ಅವಳಿಗೆ ಕೇಳಿಸುವುದಿಲ್ಲ. ಬದುಕಿರುವವಳಿಗೆ ಸಮಾಧಾನವಾಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾನು ಒಂದೇ ಸುಳ್ಳಿನಲ್ಲಿ ಇಡೀ ಎಡಪಂಥವನ್ನು ಒಂದು ಮಾಡುತ್ತಿದ್ದೇನೆ.

ಮಾರ್ಚ್ ೧೬, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ತಂಗಿ ಮನೆಗೇ ಬಂದಳು. ಹೇಳದೆ ಕೇಳದೆ ಬಂದಳು, ಮೊದಲೆಲ್ಲ ಬರುತ್ತಿದ್ದಂತೆ. ಕಾಲಲ್ಲಿ ಕೆಲಸದ ರಬ್ಬರ್ ಬೂಟು. ಹೊಸ್ತಿಲಲ್ಲಿ ಬಿಚ್ಚಿಟ್ಟು, ಕೇಳದೆಯೇ ಅಮ್ಮನ ಕೋಣೆಗೆ ಹೋದಳು. ಅಲ್ಲೀಗ ಹಳೆಯ ಕರಪತ್ರಗಳ ಕಟ್ಟುಗಳಿವೆ. ಒಂದು ಕಟ್ಟನ್ನು ಸರಿಸಿ ಮಂಚದ ಅಂಚಿನಲ್ಲಿ ಕುಳಿತಳು.

"ಯಾವಾಗ ಹೇಳಿದೆ? ಅಮ್ಮ ಏನಂದ್ಲು? ಅವಳು ಅಂದ ಹಾಗೇ ಹೇಳು, ನಿನ್ನ ಮಾತಲ್ಲಿ ಹೇಳಬೇಡ."

ನಾನು ಹೇಳಿದೆ. ಹೋಗುವುದಕ್ಕೆ ಒಂದು ವಾರ ಮುಂಚೆ, ಮಧ್ಯಾಹ್ನ ಎಂದೆ. ಅಮ್ಮ, "ಪುಟ್ಟಿ ಹೊರಗೆ ಎಲ್ಲೂ ಬಾಯಿ ಬಿಡದೆ ಹೊತ್ಕೊಂಡ್ಲಲ್ಲ" ಎಂದಳು, ಅಂದೆ. ಅಮ್ಮ ನನ್ನನ್ನು ಬೈದಳೆಂದೂ ಹೇಳಿದೆ. ಅದು ಸೇರಿದರೆ ನಂಬುವಂತಿರುತ್ತದೆ ಎಂದು ಆ ಗಳಿಗೆಯಲ್ಲಿ ನನ್ನ ತಲೆ ಓಡಿತು. ಮೂವತ್ತು ವರ್ಷ ಕರಪತ್ರ ಬರೆದ ಕೈ.

ತಂಗಿ ಅತ್ತಳು. ಮುಖ ತೊಳೆದು ಬಂದು, "ಚಹಾ ಮಾಡು, ಸಕ್ಕರೆ ಜಾಸ್ತಿ ಹಾಕು" ಎಂದಳು. ಎರಡು ಲೋಟ ಕುಡಿದಳು. ಹೋಗುವಾಗ ನನ್ನ ಬೆನ್ನ ಮೇಲೆ ಗುದ್ದಿದಳು. ಮುಂಚೆಯೂ ಗುದ್ದುತ್ತಿದ್ದಳು.

ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಲೋಟ ತೊಳೆಯುತ್ತಿದ್ದಾಗ ಹತ್ತಿರ ಬಂದು ಮೆಲ್ಲಗೆ ಅಂದರು: "ನಿಮ್ಮಮ್ಮ ಅಷ್ಟೆಲ್ಲ ಮಾತು ಯಾವಾಗ ಆಡಿದ್ರು? ಕೊನೇ ವಾರ ನೀರು ಬೇಕು ಅನ್ನೋಕೂ ಕೈ ತೋರಿಸ್ತಿದ್ರಲ್ಲ."

ನಾನು ಲೋಟ ತೊಳೆದೆ.

ಮಾರ್ಚ್ ೨೩, ಭಾನುವಾರ

ಪೊರಕೆ ಸಂಘದ ಸಾಮಾನ್ಯ ಸಭೆ. ಶಾಲೆಯ ಊಟದ ಹಾಲ್ ಕೇಳಿ ತೆಗೆದುಕೊಂಡಿದ್ದರು. ಮಕ್ಕಳ ಬೆಂಚುಗಳು, ಹೆಂಗಸರ ಮೊಣಕಾಲೆಲ್ಲ ಗದ್ದಕ್ಕೆ ತಾಗುತ್ತಿತ್ತು, ಅದಕ್ಕೇ ಒಂದಿಷ್ಟು ನಗೆ. ನನ್ನನ್ನು ಅತಿಥಿಯಾಗಿ ಮುಂದೆ ಕೂರಿಸಿದರು.

ತಂಗಿ ನಿಂತು ಮಾತಾಡಿದಳು. "ನನಗೆ ಇವರ ಮೇಲೆ ಎಷ್ಟು ಕೋಪ ಇತ್ತು ಅಂತ ನಿಮಗೆಲ್ಲ ಗೊತ್ತು. ಯಾಕೆ ಅನ್ನೋದು ನಮ್ಮ ಮನೆ ವಿಷಯ, ಇಲ್ಲಿ ಹೇಳಲ್ಲ. ಆದ್ರೆ ನಮ್ಮಮ್ಮ ಕಣ್ಣು ಮುಚ್ಚೋ ಮೊದಲು ನನ್ನನ್ನ ಸರಿಯಾಗಿ ತಿಳ್ಕೊಂಡೇ ಹೋದ್ಲು ಅಂತ ಮೊನ್ನೆ ಗೊತ್ತಾಯ್ತು. ಅಕ್ಕನೇ ಅವಳಿಗೆ ತಿಳಿಸಿದ್ದಂತೆ. ಒಂದು ಮನೆ ಕೂಡುತ್ತೆ ಅಂದ್ರೆ ಒಂದು ಚಳವಳಿ ಕೂಡಲ್ವಾ?"

ಚಪ್ಪಾಳೆ ಬಿತ್ತು. ಕೆಲವರು ಕಣ್ಣು ಒರೆಸಿಕೊಂಡರು. ಸಮಾವೇಶಕ್ಕೆ ಹೋಗುವುದೆಂದು ತೀರ್ಮಾನವಾಯಿತು.

ಮುಗಿದ ಮೇಲೆ ಗಟ್ಟಿಮುಟ್ಟಾದ ಹೆಂಗಸೊಬ್ಬಳು ನನ್ನ ಕೈ ಹಿಡಿದುಕೊಂಡಳು. ಬಸ್ ನಿಲ್ದಾಣದ ಶೌಚಾಲಯಗಳನ್ನು ತೊಳೆಯುವವಳು. ಮುಷ್ಕರದ ನಂತರ ಆಸ್ಪತ್ರೆ ಹೊರಹಾಕಿದ ಗುತ್ತಿಗೆಯ ನಲವತ್ತು ಜನರಲ್ಲಿ ಒಬ್ಬಳು.

"ನಿಮ್ಮ ತಂಗಿ ಆಗ ನಮ್ಮ ನಲವತ್ತು ಮನೆಗೂ ಬಂದಿದ್ರು. 'ಸಹಿ ನನ್ನದು, ಬೈಯೋದಿದ್ರೆ ಬೈಯಿರಿ' ಅಂತ ಬಾಗಿಲಲ್ಲಿ ನಿಂತ್ರು. ನಾನು ನೆಲ ಒರೆಸಿದ ನೀರು ಬಕೆಟ್ ಸಮೇತ ಎರಚಿಬಿಟ್ಟೆ!" ಹೇಳಿ ಬಾಯಿಗೆ ಸೆರಗು ಒತ್ತಿ ನಕ್ಕಳು. "ಮಾರನೇ ದಿನ ಮತ್ತೆ ಬಂದ್ರು. ಎಲ್ಲರಿಗೂ ಒಂದೊಂದು ಕಡೆ ಕೆಲಸ ಹುಡುಕಿಕೊಡೋ ತನಕ ಬಿಡ್ಲಿಲ್ಲ. ಹಾಗೆ ಹುಟ್ಟಿದ್ದು ಈ ಸಂಘ."

ಅವಳ ಕೈ ಒರಟಾಗಿತ್ತು, ಬಿಸಿಯಾಗಿತ್ತು. ನನ್ನ ಕೈ ಬಿಡಿಸಿಕೊಳ್ಳಲು ಬಸ್ಸಿಗೆ ಹೊತ್ತಾಯಿತು ಎಂದೆ. ಹೊತ್ತಾಗಿರಲಿಲ್ಲ.

ಮಾರ್ಚ್ ೨೪, ಸೋಮವಾರ

ರಜೆ ಹಾಕಿದ್ದೇನೆ. ಮೈ ಹುಷಾರಿಲ್ಲ ಎಂದು ಹೇಳಿಕಳಿಸಿದೆ.

ಒಂದು ಸಲ ಇದ್ದದ್ದು ಇದ್ದ ಹಾಗೆ ಬರೆದಿಡುತ್ತೇನೆ. ಯಾರಿಗೂ ತೋರಿಸುವುದಕ್ಕಲ್ಲ.

ಆಸ್ಪತ್ರೆಯ ಮುಷ್ಕರ. ಲಾಂಡ್ರಿ, ಅಡುಗೆಮನೆ, ಗುಡಿಸುವವರು ಎಲ್ಲ ಸೇರಿ. ತಂಗಿ ಮುಷ್ಕರ ಸಮಿತಿಯ ಅಧ್ಯಕ್ಷೆ. ಇಪ್ಪತ್ತೆರಡನೆಯ ದಿನ ಮೇಷ್ಟ್ರು ನನ್ನನ್ನು ಕರೆದು, ಜನ ಸೋತಿದ್ದಾರೆ, ಸಿಕ್ಕಷ್ಟಕ್ಕೆ ಮುಗಿಸಬೇಕು, ನಿಮ್ಮ ತಂಗಿಗೆ ನೀನೇ ಹೇಳು ಎಂದರು. ಆಸ್ಪತ್ರೆಯ ಹಿಂದಿನ ಸೈಕಲ್ ಸ್ಟ್ಯಾಂಡಿನಲ್ಲಿ ಅವಳನ್ನು ಕಂಡೆ. ಒಪ್ಪಂದದ ಕಾಗದ ಅವಳ ಕೈಯಲ್ಲೇ ಇತ್ತು.

"ಗುತ್ತಿಗೆಯವರ ಹೆಸರೇ ಇಲ್ಲ ಇದರಲ್ಲಿ. ಇನ್ನು ನಾಲ್ಕು ದಿನ ತಡೀತೀವಿ ಅಕ್ಕ. ಅಡುಗೆಮನೆಯವರು ಗಟ್ಟಿ ಇದ್ದಾರೆ."

"ಸಹಿ ಹಾಕು" ಎಂದೆ. "ಮೇಲಿನವರು ಯೋಚನೆ ಮಾಡೇ ಹೇಳಿದ್ದಾರೆ. ನಾನಿದ್ದೀನಲ್ಲ."

ನಾನಿದ್ದೀನಲ್ಲ ಎಂದು ಹೇಳಿದ್ದೆ. ಇದನ್ನು ಇಷ್ಟು ವರ್ಷ ಮರೆತೇ ಹೋಗಿತ್ತು ಎಂದು ಬರೆಯಲು ಹೊರಟೆ. ಮರೆತಿರಲಿಲ್ಲ.

ಅವಳು ಸಹಿ ಹಾಕಿದಳು. ಎರಡೇ ದಿನದಲ್ಲಿ ನಲವತ್ತು ಜನರನ್ನು ಗೇಟಿನಲ್ಲೇ ತಡೆದರು. ಕೆಲಸಗಾರರು ರೊಚ್ಚಿಗೆದ್ದರು. ಒಕ್ಕೂಟದ ಇನ್ನೊಂದು ಪಕ್ಷ, ಸಹಿ ಹಾಕಿಸಿದ್ದು ನೀವಾದರೆ ನಾವು ಹೊರಗೆ ಎಂದಿತು. ಒಕ್ಕೂಟ ಉಳಿಸಬೇಕಿತ್ತು. ನಮಗೆ ಗೊತ್ತೇ ಇರಲಿಲ್ಲ ಎಂದೆವು. ಕರಪತ್ರ ಬಂತು, 'ಬೆನ್ನಿಗೆ ಚೂರಿ ಹಾಕಿದವರು'. ಬರೆದದ್ದು ನಾನು. ನಮ್ಮ ಮನೆಯ ಮೇಜಿನ ಮೇಲೆ, ಅಮ್ಮ ಎದುರಿಗೇ ಕುಳಿತಿದ್ದಳು.

ಅಮ್ಮ ಅದೇ ಲಾಂಡ್ರಿಯಲ್ಲಿ ಮೊದಲ ಸಂಘ ಕಟ್ಟಿದವಳು. ತಂಗಿ ಬಂದು ನಿಜ ಹೇಳಿದಳು. ಅಮ್ಮ, "ನಿಮ್ಮಕ್ಕ ಬರೆದಿದ್ದಾಳೆ. ಅವಳು ಸುಳ್ಳು ಬರೀತಾಳಾ?" ಎಂದಳು. ನಾನು ಒಳಗೆ ಬಟ್ಟೆ ಮಡಿಸುತ್ತಿದ್ದೆ. ಮಡಿಸುತ್ತಲೇ ಇದ್ದೆ. ಆಮೇಲೆ ಅಮ್ಮ ಅವಳಿಗೆ ಬಾಗಿಲು ತೆಗೆಯಲಿಲ್ಲ. ನಾಲ್ಕು ವರ್ಷ.

ಹಾಸಿಗೆ ಹಿಡಿದ ಮೇಲೆ ಅಮ್ಮ ನನ್ನನ್ನು ಕೇಳಿದಳು, "ಪುಟ್ಟಿ ಯಾಕೆ ಹಾಗೆ ಮಾಡಿದ್ಲು?" ಮೂರು ಸಲ ಕೇಳಿದಳು, ಮೂರು ಬೇರೆ ಬೇರೆ ದಿನ. ಮೂರು ಸಲವೂ ನಾನು, "ಬಿಡಮ್ಮ, ಈಗ್ಯಾಕೆ ಅದೆಲ್ಲ" ಎಂದೆ.

ಮಾರ್ಚ್ ೩೦, ಭಾನುವಾರ

ವಿಸರ್ಜನೆಯ ಹೇಳಿಕೆಯ ಕರಡು ಹಿಡಿದು ಮೇಷ್ಟ್ರ ಮನೆಗೆ ಹೋಗಿದ್ದೆ. ಅವರು ಕೆಂಪು ಪೆನ್ನು ಹಿಡಿದು ಓದುತ್ತಾರೆ, ಹಳೆಯ ಅಭ್ಯಾಸ. ಮೂರನೆಯ ಪುಟದಲ್ಲಿ ಪೆನ್ನು ನಿಂತಿತು.

ನಾನು ಬರೆದದ್ದು: ಆಸ್ಪತ್ರೆ ಮುಷ್ಕರದಲ್ಲಿ ಸಹಿ ಹಾಕಲು ಹೇಳಿದ್ದು ಒಕ್ಕೂಟದ ಸಮಿತಿ, ಆಮೇಲೆ ಸುಳ್ಳು ಹೇಳಿದ್ದೂ ಒಕ್ಕೂಟದ ಸಮಿತಿ.

ಅವರು ಅದನ್ನು ಹೊಡೆದು, 'ಕೆಲವು ತಪ್ಪುಗಳು ನಡೆದಿವೆ' ಎಂದು ಬರೆದರು.

"ಯಾರು ಮಾಡಿದ ತಪ್ಪು ಮೇಷ್ಟ್ರೇ?"

"ಈಗ್ಯಾಕಮ್ಮ ಅದೆಲ್ಲ. ನಿಮ್ಮ ತಂಗಿನೇ ಕೇಳ್ತಿಲ್ಲ. ಸಮಾವೇಶಕ್ಕೆ ಎರಡು ವಾರ ಇದೆ. ಕೂಡೋ ಹೊತ್ತಲ್ಲಿ ಹಳೇ ಗಾಯ ಕೆರೆಯೋದು ಬೇಡ."

ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಅವರ ಬಾಯಲ್ಲಿ ಬಂದದ್ದು ನನ್ನದೇ ಮಾತು. ಅವರು ಪೆನ್ನಿನ ಮುಚ್ಚಳ ಹಾಕಲು ಎರಡು ಸಲ ಪ್ರಯತ್ನಿಸಿದರು. ನಾನೇ ಹಾಕಿಕೊಟ್ಟೆ.

ಏಪ್ರಿಲ್ ೬, ಭಾನುವಾರ

ಒಕ್ಕೂಟ ಮುಗಿಯಿತು.

ವಾಚನಾಲಯದ ಹಾಲ್, ಎಂಬತ್ತು ಜನ. ಕಿಟಕಿಗಳನ್ನೂ ತೆರೆದಿದ್ದರು, ಫ್ಯಾನನ್ನೂ ಹಾಕಿದ್ದರು. ಅತಿಥಿಗಳ ಸಾಲಿನಲ್ಲಿ ತಂಗಿ, ಅವಳ ಪಕ್ಕ ಬಸ್ ನಿಲ್ದಾಣದವಳು. ನಾನು ಹೇಳಿಕೆ ಓದುತ್ತ ಹೋದೆ. 'ಕೆಲವು ತಪ್ಪುಗಳು ನಡೆದಿವೆ' ಎಂಬಲ್ಲಿಗೆ ಬಂದಾಗ ಓದುವುದನ್ನು ನಿಲ್ಲಿಸಿದೆ.

ಕಾಗದ ಕೆಳಗಿಟ್ಟು ಹೇಳಿದೆ. ಸೈಕಲ್ ಸ್ಟ್ಯಾಂಡು. ಸಹಿ ಹಾಕು ಎಂದದ್ದು. ಕರಪತ್ರ ಬರೆದವಳು ನಾನು. ನನ್ನ ತಂಗಿ ಒಂದು ತಪ್ಪೂ ಮಾಡಿಲ್ಲ. ಒಟ್ಟು ಎರಡು ನಿಮಿಷವಾಗಿರಬಹುದು. ಕೊನೆಯಲ್ಲಿ ಹೇಗೆ ಮುಗಿಸಬೇಕೆಂದು ತಿಳಿಯದೆ "ಅಷ್ಟೆ" ಎಂದೆ.

ಹಿಂದಿನಿಂದ ಯಾರೋ, "ಒಂಬತ್ತು ವರ್ಷ ಏನ್ ಮಾಡ್ತಿದ್ರಿ?" ಎಂದು ಕೂಗಿದರು. ಆಗ ಮೇಷ್ಟ್ರು ಮೇಜು ಹಿಡಿದು ಎದ್ದರು. ನನ್ನನ್ನು ಅಲ್ಲಗಳೆಯುತ್ತಾರೆ ಎಂದುಕೊಂಡೆ.

"ಹೇಳಿ ಕಳಿಸಿದವನು ನಾನು" ಎಂದರು. "ಗೊತ್ತಿರಲಿಲ್ಲ ಅಂತ ಹೇಳಿದವನೂ ನಾನೇ. ಈ ಹೆಣ್ಣುಮಗಳು ನನ್ನ ಮಾತು ಹೊತ್ಕೊಂಡು ಹೋದವಳು ಅಷ್ಟೆ. ನಾನು ಹೊಸ ಸಮಿತಿಗೆ ನಿಲ್ಲಲ್ಲ." ಹೇಳಿ ಕುಳಿತರು. ಕುರ್ಚಿ ಎಲ್ಲಿದೆ ಎಂದು ಒಮ್ಮೆ ಕೈಯಿಂದ ತಡವಿ ನೋಡಿ ಕುಳಿತರು.

ಚಪ್ಪಾಳೆ ಬಿತ್ತು. ಮೊದಲು ಒಬ್ಬರು, ಆಮೇಲೆ ಎಲ್ಲರೂ ಎದ್ದು ನಿಂತು. ನನಗೆ ಓಡಿಹೋಗಬೇಕೆನಿಸಿತು. ತಂಗಿ ಸಾಲು ದಾಟಿ ಬಂದು ನನ್ನನ್ನು ತಬ್ಬಿಕೊಂಡಳು. ಅವಳ ಕೂದಲಲ್ಲಿ ಫಿನಾಯಿಲ್ ವಾಸನೆ.

ಕಿವಿಯ ಹತ್ತಿರ ಅಂದಳು: "ಇದನ್ನ ಹೇಳದಿದ್ರೂ ನಡೀತಿತ್ತು ಅಕ್ಕ. ಅಮ್ಮನಿಗೆ ಹೇಳಿದ್ದೆಯಲ್ಲ, ನನಗೆ ಅಷ್ಟೇ ಸಾಕಾಗಿತ್ತು."

ಏಪ್ರಿಲ್ ೭, ಸೋಮವಾರ

ಲಾಂಡ್ರಿಯಲ್ಲಿ ಮೂವರು ಬಂದು ಕೈ ಕುಲುಕಿದರು. ದೊಡ್ಡ ಮನಸ್ಸು ಎಂದರು.

ಏಪ್ರಿಲ್ ೧೦, ಗುರುವಾರ

ಇವರಿಗೆ ಹೇಳಿದೆ. ಅವರಿಗೆ ಗೊತ್ತೇ ಇತ್ತು. ಆದರೂ ನನ್ನ ಬಾಯಿಂದ ಬರಬೇಕಿತ್ತು.

"ಸಮಾವೇಶ ಮುಗೀಲಿ, ಆಮೇಲೆ ಅವಳಿಗೆ ಹೇಳು" ಎಂದರು. "ಈಗ ಹೇಳಿದ್ರೆ ನಾನೂರು ಜನ ಬರಲ್ಲ. ನಿನ್ನ ಒಬ್ಬಳ ಸಮಾಧಾನಕ್ಕೆ ಅಷ್ಟು ಜನರ ಕೆಲಸ ಕೆಡಿಸ್ತೀಯಾ?"

ಸರಿಯಾದ ಮಾತು. ಒಕ್ಕೂಟ ಉಳಿಯಲಿ, ಆಮೇಲೆ ನೋಡೋಣ ಎಂದು ಒಂಬತ್ತು ವರ್ಷದ ಹಿಂದೆಯೂ ಎಲ್ಲರೂ ಸರಿಯಾದ ಮಾತನ್ನೇ ಹೇಳಿದ್ದರು. ನಾನೂ ಹೇಳಿದ್ದೆ.

"ಸಮಾವೇಶಕ್ಕೆ ಮೊದಲೇ ಹೇಳ್ತೀನಿ" ಎಂದೆ.

"ಹಾಗಾದ್ರೆ ಜೊತೆಗೆ ಬರ್ಲಾ?" ಎಂದರು.

ಬೇಡ ಎಂದೆ.

ಏಪ್ರಿಲ್ ೧೨, ಶನಿವಾರ

ಮಧ್ಯಾಹ್ನದ ಪಾಳಿ ಬಿಟ್ಟು ನೇರ ಟೈರ್ ಅಂಗಡಿಯ ಮೇಲಕ್ಕೆ ಹೋದೆ. ತಂಗಿ ಒಬ್ಬಳೇ ಇದ್ದಳು. ನೆಲದ ಮೇಲೆ ರಟ್ಟುಗಳನ್ನು ಹರವಿಕೊಂಡು ನಾಳೆಯ ಫಲಕಗಳನ್ನು ಬರೆಯುತ್ತಿದ್ದಳು. "ಬಾ ಅಕ್ಕ, ನಿನ್ನ ಅಕ್ಷರ ಚೆನ್ನಾಗಿದೆ, ಇದೊಂದು ಬರೆದುಕೊಡು" ಎಂದು ಕುಂಚ ಚಾಚಿದಳು.

ತೆಗೆದುಕೊಳ್ಳಲಿಲ್ಲ. ನಿಂತೇ ಹೇಳಿದೆ. "ಪುಟ್ಟಿ, ಅಮ್ಮನಿಗೆ ನಾನು ಹೇಳಲಿಲ್ಲ. ಅವಳಿಗೆ ಗೊತ್ತಾಗಲೇ ಇಲ್ಲ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಕುಂಚ ಚಾಚಿದ ಹಾಗೇ ಇತ್ತು.

"ಆವತ್ತು ಮಂಚದ ಮೇಲೆ ಕೂತಾಗ ಹೇಳಿದೆಯಲ್ಲ. ಬಾಯಿ ಬಿಡದೆ ಹೊತ್ಕೊಂಡ್ಲು ಅಂದ್ಲು ಅಂತ."

"ನಾನು ಕಟ್ಟಿ ಹೇಳಿದ್ದು. ನೀವೆಲ್ಲ ಸಮಾವೇಶಕ್ಕೆ ಬರಲಿ ಅಂತ."

ಇನ್ನೊಂದಿತ್ತು. ಅದನ್ನು ಹೇಳದೆ ಬರಬಹುದಿತ್ತು. ಹೇಳಿದರೆ ಅವಳಿಗೆ ನೋವು ಹೆಚ್ಚು, ನನಗೆ ಹಗುರ ಹೆಚ್ಚು ಎಂಬುದೂ ಹೊಳೆಯಿತು. ಆದರೆ ಅದು ಅಮ್ಮನ ಮಾತು, ಇವಳಿಗೆ ಸೇರಬೇಕಾದದ್ದು. ಅದನ್ನು ನಾನು ಇಟ್ಟುಕೊಳ್ಳುವುದು ಹೇಗೆ?

"ಅಮ್ಮ ಕೇಳಿದ್ಲು. ಪುಟ್ಟಿ ಯಾಕೆ ಹಾಗೆ ಮಾಡಿದ್ಲು ಅಂತ ಮೂರು ಸಲ ಕೇಳಿದ್ಲು. ನಾನು ಬಾಯಿ ಬಿಡಲಿಲ್ಲ."

ತಂಗಿ ಕುಂಚವನ್ನು ಬಣ್ಣದ ಡಬ್ಬಿಯೊಳಗೆ ಇಟ್ಟಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ರಟ್ಟಿನ ಮೇಲೆ ಅರ್ಧ ಬರೆದಿದ್ದ ಅಕ್ಷರವನ್ನು ನೋಡುತ್ತ ಕುಳಿತಳು.

"ಕೇಳಿದ್ಲಾ" ಎಂದಳು. ಮತ್ತೆ, "ಮೂರು ಸಲ ಕೇಳಿದ್ಲಾ."

"ಹೂಂ."

"ನಾನು ಬಂದು ಬಾಗಿಲು ತಟ್ಟಿ ಹೋದ ದಿನಾನೂ ಕೇಳಿದ್ಲಾ?"

"ಎರಡನೇ ಸಲ ಕೇಳಿದ್ದು ಅವತ್ತೇ."

ಅವಳು ತಲೆಯಾಡಿಸಿದಳು. ನಾನು ಸುಮ್ಮನಿರಲಾರದೆ ಕೇಳಿಬಿಟ್ಟೆ, ಕೇಳಬಾರದಿತ್ತು: "ನಾಳೆ ಬರ್ತೀರಲ್ಲ?"

ಆಗ ಮುಖ ಎತ್ತಿದಳು. "ನಮ್ಮ ಹೆಂಗಸರು ನಿನ್ನ ಮುಖ ನೋಡಿ ಬರ್ತಿದ್ದಾರೆ ಅಂದ್ಕೊಂಡ್ಯಾ? ನನ್ನ ಮುಖ ನೋಡಿಯೂ ಅಲ್ಲ. ಗುತ್ತಿಗೆ ಹೋಗಬೇಕು, ಕೆಲಸ ಖಾಯಂ ಆಗಬೇಕು, ಅದು ಒಬ್ಬೊಬ್ಬರಿಂದ ಆಗಲ್ಲ ಅಂತ ಬರ್ತಿದ್ದಾರೆ. ಆದ್ರೂ ಇವತ್ತು ಸಂಜೆ ಅವರನ್ನ ಕರೆದು ನೀನು ಹೇಳಿದ್ದು ಸುಳ್ಳು ಅಂತ ಹೇಳ್ತೀನಿ. ಅದನ್ನ ಮುಂದಿಟ್ಕೊಂಡು ಓಟು ಕೇಳಿದವಳು ನಾನು. ಅವರು ಬೇಡ ಅಂದ್ರೆ ಬರಲ್ಲ."

"ನಾನೂ ಬಂದು ಹೇಳ್ತೀನಿ."

"ಬೇಡ. ನೀನು ಹೇಳಿದ್ರೆ ಮತ್ತೆ ಚಪ್ಪಾಳೆ ತಟ್ತಾರೆ." ಕುಂಚ ತೆಗೆದುಕೊಂಡಳು. "ಒಂಬತ್ತು ವರ್ಷ ನಾನು ಹೊತ್ತೆ. ನೀನು ಬಂದು ಇಳಿಸಿಟ್ಟು ಹಗುರ ಆಗಿ ಹೋಗ್ತೀಯಾ. ಹೋಗು. ನಮ್ಮ ಮನೆ ಕಡೆ ಬರಬೇಡ. ನಾನಾಗಿ ಕರೆದ್ರೆ ಬಾ. ಕರೀತೀನೋ ಇಲ್ವೋ ನನಗೇ ಗೊತ್ತಿಲ್ಲ."

ಮೆಟ್ಟಿಲಿಳಿದೆ. ಹಿಂದಿನಿಂದ ಯಾರೂ ಕರೆಯಲಿಲ್ಲ. ಮನೆಯವರೆಗೂ ನಡೆದೇ ಬಂದೆ. ಹಗುರ ಏನೂ ಆಗಲಿಲ್ಲ.

ಏಪ್ರಿಲ್ ೧೩, ಭಾನುವಾರ

ಸಮಾವೇಶ ಹತ್ತಕ್ಕೆ. ನಾನೀಗ ಯಾವುದರ ಸಂಚಾಲಕಿಯೂ ಅಲ್ಲ. ಹಿಂದಿನಿಂದ ಎರಡನೆಯ ಸಾಲಿನಲ್ಲಿ ಕುಳಿತೆ. ಮೇಷ್ಟ್ರು ಮೂರು ಸಾಲು ಮುಂದೆ, ಬೆತ್ತ ಹಿಡಿದು. ಹತ್ತೂವರೆಯಾದರೂ ಎಡಗಡೆಯ ಕುರ್ಚಿಗಳೆಲ್ಲ ಖಾಲಿ. ಮೇಷ್ಟ್ರು ಎರಡು ಸಲ ತಿರುಗಿ ನನ್ನ ಕಡೆ ನೋಡಿದರು. ನಾನು ಕಾಲ ಬುಡ ನೋಡಿಕೊಂಡೆ.

ಹತ್ತು ಮುಕ್ಕಾಲಿಗೆ ಬಂದರು. ಕೆಲಸ ಮುಗಿಸಿ ನೇರ ಬಂದವರು, ಏಪ್ರನ್ನನ್ನೂ ಬಿಚ್ಚಿರಲಿಲ್ಲ. ಬರುತ್ತಲೇ ಇದ್ದರು. ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತರು. ಬಸ್ ನಿಲ್ದಾಣದವಳು ನನ್ನ ಪಕ್ಕದಿಂದಲೇ ಹಾದುಹೋದಳು. ಕಂಡಳು, ಮಾತಾಡಿಸಲಿಲ್ಲ.

ಮಧ್ಯಾಹ್ನದವರೆಗೆ ಭಾಷಣ, ತಿದ್ದುಪಡಿ, ಜಗಳ. ನಮ್ಮ ಹಳೆಯ ಪಕ್ಷಗಳವರು ಹೆಸರಿನ ಬಗ್ಗೆಯೇ ಒಂದು ಗಂಟೆ ಕಾದಾಡಿದರು. ಕೊನೆಗೆ ಎಲ್ಲ ಸಂಘ, ಪಕ್ಷ, ಗುಂಪುಗಳು ಒಂದೇ ಸಂಘಟನೆಯಾಗುವ ಗೊತ್ತುವಳಿ ಮುಂದೆ ಬಂತು. ಯಾರೋ, "ಹೌದು ಅನ್ನಿ ಸಾಕು, ಹೊತ್ತಾಯ್ತು" ಎಂದರು.

ವೇದಿಕೆಯ ಮೇಲಿದ್ದ ತಂಗಿ ಎದ್ದಳು. "ಕೈ ಎತ್ತಿ. ನಾನು ಎಣಿಸ್ತೀನಿ. ನಾಳೆ ಯಾರೂ ನಾನು ಹೇಳೇ ಇಲ್ಲ ಅನ್ನಬಾರದು."

ಕೆಳಗಿಳಿದು ಸಾಲುಸಾಲಾಗಿ ಬಂದಳು, ತೋರುಬೆರಳು ಮುಂದೆ ಮಾಡಿ, ಗಟ್ಟಿಯಾಗಿ ಎಣಿಸುತ್ತ. ರಾತ್ರಿ ನಿದ್ದೆ ಮಾಡಿದ ಮುಖವಲ್ಲ ಅದು. ನನಗೆ ಕೈ ಎತ್ತುವ ಯೋಗ್ಯತೆ ಇದೆಯೇ ಎಂದು ಯೋಚಿಸುತ್ತಿದ್ದಂತೆಯೇ ಅವಳು ನಮ್ಮ ಹಿಂದಿನ ಸಾಲುಗಳಿಗೆ ಬಂದುಬಿಟ್ಟಳು. ಎತ್ತಿದೆ. ಇನ್ನೊಂದು ಕೈಯಿಂದ ಮೊಣಕೈ ಹಿಡಿದುಕೊಂಡೆ.

ನನ್ನ ಎದುರಿಗೆ ಬಂದಳು. ಮುಖ ನೋಡಲಿಲ್ಲ. ಕೈ ನೋಡಿದಳು.

"ಐನೂರ ಹದಿನೇಳು" ಎಂದಳು.

ನನ್ನ ಪಕ್ಕದಲ್ಲಿದ್ದ ಮುದುಕರು ಐನೂರ ಹದಿನೆಂಟು.